ಮೂರು ಅಮಾವಾಸ್ಯೆಯ ಗಡುವು

"ಬಾಯಿ ತೆಗ್ಯೋ ಬೋಳಿಮಗ್ನೆ, ಊರೆಲ್ಲಾ ನೋಡ್ಲಿ!"

ನಂಜುಂಡಪ್ಪ ಕೈಯಿಂದ ಮುಟ್ಟಲಿಲ್ಲ, ಮೈಲಿಗೆಯಾಗುತ್ತದಲ್ಲ. ಕೈಗೋಲಿನ ತುದಿಯಿಂದ ದೊಡ್ಡಹನುಮಯ್ಯನ ಗದ್ದ ಎತ್ತಿ ಹಿಡಿದ. ಎಡದವಡೆ ಬಾತು ಕಣ್ಣೇ ಮುಚ್ಚಿಹೋಗಿತ್ತು. ಪಟಾಲಮ್ಮನ ಗುಡಿ ಮುಂದೆ ಸೇರಿದ್ದ ಬ್ಯಾಡರಹಳ್ಳಿಯ ಜನ ಕತ್ತು ಉದ್ದ ಮಾಡಿದರು.

ಮಾಗಡಿ ರಸ್ತೆ ಪಕ್ಕದ ಆ ಹೊಲವನ್ನು ದೊಡ್ಡಹನುಮಯ್ಯ ಅಪ್ಪನ ಕಾಲದಿಂದ ಗೇಣಿಗೆ ಉಳುತ್ತಿದ್ದ. ಅತ್ತ ರಾಜಾಜಿನಗರದ ಸೈಟು ಅಳೆಯತೊಡಗಿ ಹೊಲಕ್ಕೆ ಬೆಲೆ ಬಂದದ್ದೇ ತಡ, ಒಡೆಯ ನಂಜುಂಡಪ್ಪನಿಗೆ ನೆನಪು ಕೆಟ್ಟಿತು. ಇವನು ಗೇಣಿದಾರನಲ್ಲ, ಬರೀ ಕೂಲಿ ಎಂದ. ಕಾಗದಪತ್ರ ನಮ್ಮ ಕೇರಿಯಲ್ಲಿ ಯಾರ ಹತ್ತಿರ ಇದ್ದೀತು? ಪಂಚಾಯ್ತಿ ಆಣೆಗೆ ಬಂದು ನಿಂತಿತು. ಗುಡಿಯ ಹೊರಗೇ ನಿಂತು ದೊಡ್ಡಹನುಮಯ್ಯ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿದ. "ನಾನ್ ಏಳಿದ್ ಸುಳ್ಳಾದ್ರೆ ನನ್ ಬಾಯಿಗೆ ಉಳ ಬೀಳ್ಲಿ." ಮೂರು ಅಮಾವಾಸ್ಯೆಯ ಗಡುವು. ಅಷ್ಟರಲ್ಲಿ ಕೇಡಾಗದಿದ್ದರೆ ಉಳುಮೆ ಅವನದು.

ಮೊದಲ ಅಮಾವಾಸ್ಯೆಗೇ ಹಲ್ಲು ಅಲ್ಲಾಡಿತು. ಯಾರಿಗೂ ಹೇಳದೆ ಎಲೆಅಡಿಕೆ ತುಂಬಿಕೊಂಡು ರಕ್ತ ನುಂಗಿದ. ಹೆಂಡತಿ ಲಿಂಗಮ್ಮ ಹಿತ್ತಿಲಲ್ಲಿ ದಾರ ಕಟ್ಟಿ ಎರಡು ಹಲ್ಲು ಕಿತ್ತಳು. ಹುಳುಕಿಲ್ಲ, ತೂತಿಲ್ಲ, ಹೊಸ ಜೋಳದ ಕಾಳಿನ ಹಾಗಿದ್ದವು. ಬಾವು ಮಾತ್ರ ಇಳಿಯಲಿಲ್ಲ. ಕೊನೆಗೆ ಪೇಟೆಯ ಧರ್ಮಾಸ್ಪತ್ರೆಗೆ ನಡೆದರು.

ಡಾಕ್ಟರು ಅವನ ಕಾಲೂ ಬಾತಿದ್ದನ್ನು ಕಂಡು ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿದರು, ದವಡೆಯ ಫೋಟೊ ತೆಗೆಸಿದರು.

"ಹಲ್ಲು ಯಾಕಮ್ಮ ಕಿತ್ತೆ? ಹಲ್ಲಲ್ಲಿ ಏನೂ ಇರ್ಲಿಲ್ಲ. ಮೂತ್ರಪಿಂಡ ಕೆಟ್ಟು ವರ್ಷಗಳೇ ಆಗಿವೆ. ಅದು ಕೆಟ್ರೆ ಮೂಳೆ ಒಳಗಿಂದ ಸವೆಯುತ್ತೆ, ದವಡೆ ಹೀಗೆ ಊದಿ ಹಲ್ಲು ಸಡಿಲಾಗುತ್ತೆ."

"ಔಸ್ದಿ ಕೊಡಿ ಸಾಮಿ."

"ಇದಕ್ಕೆ ಔಷಧಿ ಇಲ್ಲಮ್ಮ."

ಗಂಡ ಸಾಯುತ್ತಾನೆಂದು ಕೇಳಿದ ಲಿಂಗಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ನೆಮ್ಮದಿ. ರೋಗ ಆಣೆಗಿಂತ ಹಳೆಯದು. ಹಾಗೆಂದು ಚೀಟಿ ಬರೆಸಿಕೊಂಡಳು.

ಇವತ್ತು ಮೂರನೆಯ ಅಮಾವಾಸ್ಯೆ. ಆ ಚೀಟಿಯನ್ನೇ ಅವಳು ಪೂಜಾರಿಯ ಮುಂದೆ ನೆಲದ ಮೇಲಿಟ್ಟಳು.

"ಡಾಕ್ಟ್ರು ಬರ್ಕೊಟ್ಟವ್ರೆ. ಉಚ್ಚೆ ಸೋಸೋ ಅಂಗ ಕೆಟ್ಟೋಗೈತಂತೆ. ಆಣೆಗಿಂತ ಮುಂಚ್ಲಿಂದ್ಲೂ ಐತಂತೆ."

"ಉಚ್ಚೆ ಉಯ್ಯೋ ಜಾಗ ಕೆಟ್ರೆ ಅಲ್ಲು ಉದುರ್ತವೇನೇ ಲೌಡಿ?" ಎಂದ ನಂಜುಂಡಪ್ಪ.

ಊರು ಬಿದ್ದು ಬಿದ್ದು ನಕ್ಕಿತು. ನಮ್ಮ ಕೇರಿಯವರೂ ನಕ್ಕರು. ನಾನೂ ನಕ್ಕೆ. ಪೂಜಾರಿ ಅಂಜಿನಯ್ಯ, "ಅಮ್ಮನಿಗೆ ಇಂಗ್ಲಿಷ್ ಬರಾಕಿಲ್ಲ" ಎಂದು ಚೀಟಿಯನ್ನು ಕಾಲಲ್ಲಿ ಸರಿಸಿದ. ದೊಡ್ಡಹನುಮಯ್ಯ ಏನೋ ಹೇಳಲು ಬಾಯಿ ತೆರೆದ. ಜೊಲ್ಲಿನ ಜೊತೆ ಇನ್ನೊಂದು ಹಲ್ಲು ಬಿತ್ತು.

"ಅಮ್ಮ ತೋರಿಸ್ಬುಟ್ಲು!" ಎಂದರು ಜನ.

ಲಿಂಗಮ್ಮ ಆ ಹಲ್ಲನ್ನು ಹೆಕ್ಕಿ ಸೀರೆಗೆ ಒರೆಸಿದಳು. ಸೆರಗಿನ ಗಂಟಲ್ಲಿದ್ದ ಎರಡನ್ನೂ ಬಿಚ್ಚಿ, ಮೂರನ್ನೂ ಗುಡಿಯ ಮೆಟ್ಟಿಲ ಮೇಲಿಟ್ಟಳು.

"ಉಳ ಎಲ್ಲೈತೆ, ತೋರ್ಸ್ರೋ."

ಯಾರೂ ಬಗ್ಗಲಿಲ್ಲ. ಅವಳು ಅಂಜಿನಯ್ಯ ಹಿಡಿದಿದ್ದ ಮಂಗಳಾರತಿ ತಟ್ಟೆಯಿಂದ ಉರಿಯುವ ಕರ್ಪೂರ ಎತ್ತಿ ಮುಷ್ಟಿಯಲ್ಲಿ ಆರಿಸಿದಳು.

"ಒಲ ಉತ್ತೋರು ನಾವೇ. ಸುಳ್ಳಾದ್ರೆ ನನ್ ಬಾಯಿಗೆ ಉಳ ಬೀಳ್ಲಿ. ಇವತ್ತಿಂದ ಎಣಿಸ್ಕಳಿ, ಮೂರು ಅಮಾಸೆ."

ನಂಜುಂಡಪ್ಪನ ನಗು ನಿಂತಿತು. ತಟ್ಟೆ ಮೈಲಿಗೆಯಾಯಿತೆಂದು ಅಂಜಿನಯ್ಯ ಬೊಬ್ಬೆ ಹಾಕಿದ.

ದೊಡ್ಡಹನುಮಯ್ಯ ಮುಂದಿನ ಅಮಾವಾಸ್ಯೆ ಕಾಣಲಿಲ್ಲ. ನಂಜುಂಡಪ್ಪನೂ ಗಡುವಿಗೆ ಕಾಯಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನವೇ ಹೊಲದ ಸುತ್ತ ಕಲ್ಲು ನೆಡಿಸಿದ. ಆ ಕೂಲಿಗೆ ನಾನೂ ಹೋಗಿದ್ದೆ. ಲಿಂಗಮ್ಮ ಬದುವಿನ ಮೇಲೆ ಕೂತಿದ್ದಳು. ಬಾಯಿ ಮುಚ್ಚಿಕೊಂಡು, ನಾಲಿಗೆಯಿಂದ ತನ್ನ ಹಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಳ್ಳುತ್ತಿದ್ದಳು.