ಎರಡು ಸಲ ಹೇಳುವ ಡಬ್ಬಿ

ನೆರೆಮನೆಯ ದುರ್ಗಕ್ಕ ಒಂದೊಂದೇ ಪ್ಲಗ್ ಕೀಳುತ್ತಿದ್ದಳು. ಸಾವಾದ ಮನೆಯಲ್ಲಿ ಟಿ.ವಿ. ಹಚ್ಚಬಾರದು. ಪಡಸಾಲೆಯೇ ಟಿ.ವಿ. ರಿಪೇರಿ ಅಂಗಡಿಯಾಗಿರುವ ಮನೆಯಲ್ಲಿ ಆ ಶಾಸ್ತ್ರ ಬೇಗ ಮುಗಿಯುವಂಥದ್ದಲ್ಲ. ಎಂಟು ಕಿತ್ತು ಒಂಬತ್ತನೆಯದಕ್ಕೆ ಕೈ ಚಾಚಿದಾಗ, ಗಂಡನ ಹೆಣದ ಬಳಿ ಕೂತಿದ್ದ ಕೊಟ್ರಬಸಮ್ಮ ತಲೆಯೆತ್ತಿದಳು.

“ಅದನ್ನ ಮುಟ್ಟಬ್ಯಾಡ. ಗಾದಿಲಿಂಗಂದು. ನಿನ್ನೆ ಸಂಜಿಗೆ ಹೊಸದಾಗಿ ಜೋಡಿಸಿ, ನಾಳೆ ಹಚ್ಚಿ ನೋಡಾಣ ಅಂದಿದ್ರು.”

ರೇವಣಸಿದ್ದಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮೂವತ್ತು ವರ್ಷ ಟಿ.ವಿ.ಗಳ ಬೆನ್ನೊಳಗೆ ತಲೆ ತೂರಿಸಿ ಬಗ್ಗಿಯೇ ಬದುಕಿದ ಮನುಷ್ಯ, ಹಣೆ ತುಂಬ ವಿಭೂತಿ ಧರಿಸಿ ಈಗ ನೆಟ್ಟಗೆ ಕೂತಿದ್ದ.

“ಸುದ್ದಿ ಫೋನಿನ್ಯಾಗ ಬಂದಾಗ ನಾ ನಂಬಲಿಲ್ಲ,” ಎಂದ ಎದುರಿನ ಚಹಾದಂಗಡಿಯ ಎರ್ರಿಯಪ್ಪ. “ಮೊನ್ನೆ ಇದ ರೇವಣಸಿದ್ದಪ್ಪ ನನ್ನ ದನಿ ತಗದು ನನ್ನ ಹೆಂಡ್ತಿಗೇ ಫೋನ್ ಹಚ್ಚಿ, ‘ಇವತ್ತು ಊಟ ಹೊರಗ ಆತು’ ಅಂದಿದ್ದ. ಮನಿಗೆ ಹೋದ್ರ ಗಂಗಾಳ ತೊಳದು ಬೋರಲು ಹಾಕ್ಯಾಳ. ದನಿ ಗುರ್ತು ಸಿಗಲಿಲ್ಲೇನು ಅಂದ್ರ, ‘ನಿಮಗಿಂತ ಚೆಂದ ಮಾತಾಡಿದ, ನಂಬದ ಬಿಡ್ಲಿ ಹ್ಯಾಂಗ?’ ಅಂದ್ಲು.”

ಭಜನೆಯವರು ತಾಳ ತಡೆದು ನಕ್ಕರು. ನಕ್ಕದ್ದಕ್ಕೆ ನಾಚಿ ಮತ್ತಷ್ಟು ಜೋರಾಗಿ ಹಾಡಿದರು.

ಮೂರರ ಹೊತ್ತಿಗೆ, ಅದಿರು ಲಾರಿಗಳ ಸಾಲು ದಾಟಿಕೊಂಡು ಬಂಡ್ರಿಯಿಂದ ಸಣ್ಣ ಗೂಡ್ಸ್ ಗಾಡಿಯೊಂದು ಬಂತು. ಗಾದಿಲಿಂಗನನ್ನು ಹಾಸಿಗೆ ಸಮೇತ ಒಳಗೆ ತಂದು ಮಲಗಿಸಿದರು. ಸಂಡೂರು ಘಾಟಿನಲ್ಲಿ ಅವನ ಲಾರಿ ಮಗುಚಿ ನಾಲ್ಕು ವರ್ಷವಾಗಿತ್ತು. ಮಾತು ಹೋಗಿತ್ತು, ಮೈ ಹೋಗಿತ್ತು; ಬಲಗೈ ಹೆಬ್ಬೆರಳೊಂದು ಉಳಿದಿತ್ತು.

“ಹೋಗಾಣೇನು ಅಂದೆ, ಕಣ್ಣು ಮುಚ್ಚಿ ತಗದ,” ಎಂದಳು ಅವನ ಅಕ್ಕ ಪಂಪಾವತಿ. “ಹೂಂ, ಉಹೂಂ, ಎರಡ ಉಳದಾವ್ರೀ ಅವನ ಹತ್ರ. ಯಂತ್ರ ನಿಂತು ಮೂರು ತಿಂಗಳಾತು. ಅಕ್ಷರ ಕೂಡಿಸಿ ಕೇಳಾಣಂದ್ರ ನನಗ ಓದು ಬರಂಗಿಲ್ಲ.”

ಅವಳ ಕಣ್ಣು ಒಂಬತ್ತನೆಯ ಪ್ಲಗ್ಗಿನ ಕಡೆ ಹೋಗಿ, ತಪ್ಪು ಮಾಡಿದಂತೆ ಹಿಂದೆ ಬಂತು.

*

ಆ ಹೆಬ್ಬೆರಳಿಗಾಗಿಯೇ ರೇವಣಸಿದ್ದಪ್ಪ ಅಟ್ಟದಿಂದ ತನ್ನ ಹಳೆಯ ಕಂಪ್ಯೂಟರ್ ಇಳಿಸಿದ್ದ. ಎಂಬತ್ತೇಳರಲ್ಲಿ ಕೊಂಡದ್ದು. ಕೀಲಿಮಣೆಯ ಹೊಟ್ಟೆಯಲ್ಲೇ ಎಲ್ಲ ಇತ್ತು, ಮನೆಯ ಟಿ.ವಿ.ಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಏರಿಸಬೇಕು. ಚುಕ್ಕಿಗೆ ಚುಕ್ಕಿ ಇಟ್ಟು ಅದರಲ್ಲಿ ಕನ್ನಡದ ಅಕ್ಷರ ಮೂಡಿಸಿದ. ಅಕ್ಷರಗಳು ಒಂದರ ಹಿಂದೊಂದು ಸಾಗುತ್ತವೆ. ಬೇಕಾದದ್ದು ಬಂದಾಗ ಗಾದಿಲಿಂಗ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆ. ಹಾಗೆ ಅವನು ಮತ್ತೆ ಮಾತಾಡಿದ.

ಆಮೇಲೆ ಬೆನ್ನು ಹುಣ್ಣಾಯಿತು. ಅಂಗಾತ ಮಲಗಿಯೇ ಇರಬೇಕಾದವನಿಗೆ ಪರದೆಯನ್ನು ಸೂರಿಗೆ ತೂಗಬೇಕು, ಹಳೆಯ ಟಿ.ವಿ. ತೂಗಿದರೆ ಕಳಚಿ ಬೀಳುವುದು ಅವನ ಮೇಲೆಯೇ. ಹಗುರವಾದ ಚಪ್ಪಟೆ ಮಾನಿಟರ್ ತಂದರು. ಅದಕ್ಕೆ ಹಳೆಯ ಯಂತ್ರದ ಗುರುತೇ ಹತ್ತಲಿಲ್ಲ.

“ಈ ಮುದುಕ ಒಂದು ಗೆರಿ ಕಳಿಸೋ ಹೊತ್ತಿನ್ಯಾಗ ಆ ಹುಡುಗಗ ಎರಡು ಗೆರಿ ಬೇಕು,” ಎಂದಿದ್ದ ರೇವಣಸಿದ್ದಪ್ಪ ಹೆಂಡತಿಗೆ, ಹಳೆಯ ಯಂತ್ರವನ್ನೂ ಹೊಸ ಪರದೆಯನ್ನೂ ತೋರಿಸಿ. “ನಡುವ ಒಬ್ಬರು ಕುಂದ್ರಬೇಕು. ಮುದುಕ ಅಂದದ್ದನ್ನ ಎರಡೆರಡು ಸಲ ಹೇಳಾವರು.”

“ದುರ್ಗಕ್ಕನ್ನ ಕುಂದ್ರಸ್ರಿ.”

“ಯಾಕವ್ವ? ಯಾಕ?” ಎಂದ ರೇವಣಸಿದ್ದಪ್ಪ, ಥೇಟು ದುರ್ಗಕ್ಕನ ದನಿಯಲ್ಲಿ.

ಡಬ್ಬಿಯೊಂದನ್ನು ಕಟ್ಟಿದ. ಬಿಚ್ಚಿದ, ಮತ್ತೆ ಕಟ್ಟಿದ. ಹಿಂದೆ ಕೂತು ಅವನು ತಿರುಪು ತಿರುಗಿಸುವುದು, ಮುಂದೆ ಕೂತು ಕೊಟ್ರಬಸಮ್ಮ “ಓಡ್ತೈತಿ”, “ಹೋತು” ಎನ್ನುವುದು. ಮೂರು ತಿಂಗಳು ಚಿತ್ರ ಒಂದು ಗಳಿಗೆಯೂ ನಿಂತಿರಲಿಲ್ಲ.

*

“ಕುಣಿ ತೋಡ್ಯಾಗೈತಿ,” ಎಂದ ಜಂಗಮ ಕೊಟ್ರಯ್ಯ. “ಹೊತ್ತು ಮುಳುಗೋದ್ರಾಗ ಎತ್ತಬೇಕು.”

“ಅರ್ಧ ತಾಸು ಕೊಡ್ರಿ ಅಯ್ಯಾರ,” ಎಂದಳು ಕೊಟ್ರಬಸಮ್ಮ. “ಆ ಡಬ್ಬಿ ಹಚ್ಚಿ ನೋಡ್ತೀನಿ. ಅವರ ಕೈ ನೋಡಿದಾಕಿ ನಾ ಒಬ್ಬಾಕಿ. ನಾಳಿಗೆ ಮರತೀನಿ. ಆಮ್ಯಾಲೆ ಗಾದಿಲಿಂಗ ಹಿಂಗ ಉಳೀತಾನ.”

“ಹೆಣದ ಮುಂದ ಟಿ.ವಿ.ಏನವ್ವ?” ದುರ್ಗಕ್ಕ ಬಾಯಿಗೆ ಸೆರಗು ಹಿಡಿದಳು. “ಟಿ.ವಿ.?”

“ಟಿ.ವಿ. ಅಲ್ಲದು. ಇವನ ಬಾಯಿ.”

ಕೊಟ್ರಯ್ಯ ಮಲಗಿದವನನ್ನು ನೋಡಿದ, ಕೂತವನನ್ನು ನೋಡಿದ. “ಬಾಯಿ ಮುಚ್ಚಿಡ್ರಿ ಅಂತ ನಾ ಓದಿದ ಶಾಸ್ತ್ರದಾಗಿಲ್ಲ. ಹಚ್ಚವ್ವ.”

ಕ್ಯಾಸೆಟ್ಟು ಕಿರುಚತೊಡಗಿತು. ಭಜನೆ ನಿಂತಿತು. ನಾಲ್ಕು ನಿಮಿಷ ಆ ಕರ್ಕಶ ಶಬ್ದದ ಮುಂದೆ ಎಲ್ಲರೂ ಕೈಕಟ್ಟಿ ಕೂತರು. ಕೊಟ್ರಬಸಮ್ಮ ಗೂಟದಲ್ಲಿದ್ದ ಗಂಡನ ಅಂಗಿಯ ಜೇಬಿನಿಂದ ಟೆಸ್ಟರ್ ತೆಗೆದುಕೊಂಡು ಡಬ್ಬಿಯ ಹಿಂದೆ ಬಗ್ಗಿದಳು. ಎರ್ರಿಯಪ್ಪ ಪರದೆಯ ಮುಂದೆ ಕೂತ.

“ಏನೈತಿ?”

“ಬರೇ ಗೆರಿ.”

“ಈಗ?”

“ಓಡಾಕತ್ತೈತಿ. ಮ್ಯಾಲಿಂದ ಕೆಳಗ.”

ಅವಳು ಇನ್ನೊಂದು ಕಡೆ ತಿರುಗಿಸಿದಳು.

“ಜಲ್ದಿ ಓಡ್ತೈತಿ. ಇನ್ನೂ ಜಲ್ದಿ.”

ಕೈ ತೆಗೆದು, ಬೆವರು ಒರೆಸಿಕೊಂಡು, ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಎರ್ರಿಯಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ.

“ಏನಾತೋ?”

“ನಿಂತೈತಿ,” ಎಂದ ಮೆಲ್ಲಗೆ.

ಪಂಪಾವತಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳ ಕೆಳಗೆ ಗುಂಡಿ ಇಟ್ಟಳು. ಅಕ್ಷರಗಳು ಸಾಗಿದವು. ಬೆರಳು ಕಾಯಿತು, ಒತ್ತಿತು, ಮತ್ತೆ ಕಾಯಿತು. ಕೊನೆಗೆ ಕೊಟ್ರಯ್ಯ ಕೂಡಿಸಿ ಓದಿದ, “ಅಕ್ಷರ… ದಪ್ಪ… ಆಗ್ಯಾವ.”

ಆಗಿದ್ದವು. ಚೌಕ ಟಿ.ವಿ.ಗೆ ಬರೆದ ಅಕ್ಷರಗಳು ಅಗಲ ಪರದೆಯಲ್ಲಿ ಅಡ್ಡಡ್ಡ ಹಿಗ್ಗಿ, ಹೋಳಿಗೆ ಊಟ ಮುಗಿಸಿದ ಬೀಗರಂತೆ ಕೂತಿದ್ದವು.

“ಮೂರು ತಿಂಗಳ ಮ್ಯಾಲೆ ಬಾಯಿ ಬಂದ್ರ ತಕರಾರು ತಗೀತೀಯೇನೋ?” ಎಂದ ಪಂಪಾವತಿಯ ಕಣ್ಣೀರು ತಮ್ಮನ ಹಣೆಯ ಮೇಲೆ ಬಿತ್ತು.

ಕೊಟ್ರಬಸಮ್ಮ ಡಬ್ಬಿಯ ಹಿಂದಿನಿಂದ ಎದ್ದು ಬಂದು ನೋಡಿದಳು. “ಖರೇ ಐತಿ,” ಎಂದಳು. ಆಮೇಲೆ ಸ್ಟೂಲಿನ ಮೇಲಿದ್ದ ಪರದೆಯನ್ನು ಎರಡೂ ಕೈಯಿಂದ ಹಿಡಿದು, ತಂತಿ ಜಗ್ಗದಂತೆ, ಗಂಡನ ಕಡೆ ತಿರುಗಿಸಿದಳು.

ವಿಭೂತಿಯ ಮೇಲೆ ಬಿಳಿ ಬೆಳಕು ಬಿತ್ತು. ಗಾದಿಲಿಂಗನ ಹೆಬ್ಬೆರಳು ಗುಂಡಿಯಿಂದ ತುಸು ಮೇಲೆದ್ದು ಕಾಯುತ್ತಿತ್ತು.