ಬಾಗಿಲು ಮುಚ್ಚಿ ತೆಗೆದ ಹಗೇವು

ಮನೆಯಲ್ಲಿ ಜೋಳ ಮುಗಿಯುತ್ತ ಬಂದದ್ದು ಮೊದಲು ತಿಳಿಯುವುದು ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ. ತಂಗೆವ್ವನಿಗೂ ಹಾಗೆಯೇ ತಿಳಿಯಿತು. ಸೇರು ಮಡಕೆಯ ತಳಕ್ಕೆ ತಾಗಿ ಸದ್ದಾಯಿತು. ಆ ಸದ್ದು ಅತ್ತೆಗೆ ಕೇಳಿಸಬಾರದೆಂದು ಆಕೆ ಸೇರನ್ನು ಬದಿಗಿಟ್ಟು ಅಂಗೈಯಿಂದಲೇ ಜೋಳ ಗೋರಿದಳು.

ಮುನವಳ್ಳಿಗೆ ಹತ್ತಿರದ ಒಂದು ಸಣ್ಣ ಊರು ಅವರದು. ತಂಗೆವ್ವನ ಗಂಡ ಬಸಯ್ಯ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುವಾಗ ಆತನ ಎತ್ತಿನ ಗಾಡಿ ಅಲ್ಲಿ ಕಲ್ಲು ಹೇರುತ್ತಿತ್ತು. ವಾರವಾರ ಬಾಡಿಗೆ ಕೈಗೆ ಬರುತ್ತಿತ್ತು. ಅಣೆಕಟ್ಟಿನ ಕೆಲಸ ಮುಗಿಯಿತು, ಬಾಡಿಗೆಯೂ ನಿಂತಿತು. ಮನೆಯವರು ಮೊದಲು ಚಹಾ ಬಿಟ್ಟರು. ಆಮೇಲೆ ಒಗ್ಗರಣೆಗೆ ಎಣ್ಣೆ ಹಾಕುವುದನ್ನು ಬಿಟ್ಟರು. ಬರಬರುತ್ತ ತಂಗೆವ್ವ, "ಯಾಕೋ ಹೊಟ್ಟಿ ಭಾರ ಆಗೇತಿ" ಎಂದು ಹೇಳಿ ಒಂದು ಹೊತ್ತಿನ ಊಟವನ್ನೇ ಬಿಟ್ಟಳು.

ಹಾಗೆಂದು ಆ ಮನೆಯಲ್ಲಿ ಜೋಳವೇ ಇರಲಿಲ್ಲವೆಂದಲ್ಲ. ದನ ಕಟ್ಟುವ ಕೊಟ್ಟಿಗೆಯ ನೆಲದೊಳಗೆ ಒಂದು ಹಗೇವು ಇತ್ತು. ಹಗೇವು ನಿಮಗೆ ಗೊತ್ತಿದ್ದದ್ದೇ. ಕಾಳು ತುಂಬಿಡುವ ಕುಣಿ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು. ಒಳಗೆ ಹೋದಂತೆ ಅಗಲ. ಆ ಹಗೇವಿನಲ್ಲಿ ಅರ್ಧದಷ್ಟು ಜೋಳ ಉಳಿದಿತ್ತು. ಅದು ಮಗಳು ಸೋಮವ್ವನ ಮದುವೆಗೆಂದು ಇಟ್ಟದ್ದು. ಎರಡು ಮಳೆಗಾಲ ಕಳೆದರೂ ಅದರ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ ಕಲ್ಲು ಕದಲಿರಲಿಲ್ಲ.

ಕಾರಹುಣ್ಣಿಮೆ ಕಳೆದ ಮೇಲೆ ರಾಮದುರ್ಗದ ಕಡೆಯವರು ಹುಡುಗಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅಂದು ತಂಗೆವ್ವ ಧೈರ್ಯ ಮಾಡಿ ಅತ್ತೆಯೊಡನೆ ಮಾತು ತೆಗೆದಳು.

"ಅತ್ತಿ, ಹಗೇವು ತಗೀಬೇಕ್ರಿ."

ಬಸಯ್ಯನ ತಾಯಿ ಗುರುಬಸವ್ವ ಲಿಂಗಪೂಜೆಯಾಗದೆ ನೀರು ಮುಟ್ಟುವವಳಲ್ಲ. ಒಳ್ಳೆಯ ಮುದುಕಿ. ಆದರೆ ಊರವರ ಮಾತಿಗೆ ಬಹಳ ಅಂಜುವವಳು.

"ಏನಂದಿ? ಮದವಿ ಜೋಳಕ್ಕ ಕೈ ಹಾಕತೀಯಾ? ರಾಮದುರ್ಗದಾವ್ರು ಬಂದು ಮೊದಲು ಹಗೇವಿನ ಬಾಯಿ ನೋಡತಾರ. ಹಸೀ ಮಣ್ಣು ಕಂಡ್ರ ಏನಂದಾರು?"

"ಬಂದಾವ್ರಿಗೆ ರೊಟ್ಟಿ ಹಾಕಬೇಕಲ್ರಿ? ಮಣ್ಣು ನೋಡಿ ಹೊಟ್ಟಿ ತುಂಬಿಸ್ಕೊಂಡು ಹೋಗತಾರೇನು?"

ಬಸಯ್ಯ ನಕ್ಕುಬಿಟ್ಟ. ತಾಯಿ ಆತನತ್ತ ಕಣ್ಣು ಬಿಟ್ಟಳು. ಆದರೆ ಮಡಕೆ ಬರಿದಾದದ್ದು ಆಕೆಗೂ ಗೊತ್ತಿತ್ತು. ದನಿ ತಗ್ಗಿಸಿ ಹೇಳಿದಳು.

"ಹಂಗಾರ ಸಂತಿ ದಿನ ತಗಿಯೂಣು. ಓಣಿ ಮಂದಿ ಮುನವಳ್ಳಿಗೆ ಹೋಗಿರತಾರ. ಕೊಟ್ಟಿಗಿ ಬಾಗಲಾ ಹಾಕ್ಕೊಂಡು ಒಂದು ಚೀಲ ತಗದು, ಕಲ್ಲು ಮುಚ್ಚಿ, ಮ್ಯಾಲ ಸಗಣಿ ಸಾರಿಸಿಬಿಟ್ರ ಯಾರಿಗೂ ಗೊತ್ತಾಗಾಂಗಿಲ್ಲ."

"ಲಗಮಪ್ಪಗ ಹೇಳಲೇನವ್ವಾ?" ಎಂದು ಬಸಯ್ಯ ಕೇಳಿದ.

ಆ ಊರಿನಲ್ಲಿ ಹಗೇವು ತೆಗೆಯುವವನು ಲಗಮಪ್ಪ. ಗೋಡೆ ಕಟ್ಟುವ ಕೆಲಸವೂ ಆತನದೇ. ಮುಂಜಾನೆ ಬಂದು ಕಲ್ಲು ತೆಗೆದು, ಹೊತ್ತು ಇಳಿಯುವವರೆಗೆ ಹಗೇವನ್ನು ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಿ ಆಮೇಲೆಯೇ ಒಳಗೆ ಇಳಿಯುತ್ತಿದ್ದ. ಆತನಿಗೆ ಕೂಲಿಯೆಂದು ಬುಟ್ಟಿ ಜೋಳ ಕೊಡುವುದು ರೂಢಿ.

"ಅವ ಬಂದ್ರ ಒಂದು ಬುಟ್ಟಿ ಜೋಳ ಹೋತು. ಮತ್ತ ಇಡೀ ದಿನ ಬಾಯಿ ತಗದಿಟ್ಟು ಕುಂಡರ್ತಾನ, ಊರ ಮಂದಿ ನೋಡಲಿ ಅಂತ. ನೀ ಏನು ಸಣ್ಣ ಕೂಸೇನು? ನೀನ ಇಳಿ."

"ಅತ್ತಿ, ಬಾಜೂ ಮನಿ ರಾಚಕ್ಕನ ಗಂಡಾನೂ ಹಿಂಗ ಇಳದು..."

"ಬಿಡ್ತು ಅನ್ನು! ಅವ್ರ ಆಯುಷ್ಯ ಅಷ್ಟ ಇತ್ತು. ಪೂಜಿ ಮಾಡದ ಇಳದಿದ್ರು. ನಾ ಕಾಯಿ ಒಡದು, ವಿಭೂತಿ ಹಚ್ಚಿ ಇಳಸ್ತೇನಿ. ನಿನ್ನ ಗಂಡಗ ಏನೂ ಆಗೂದಿಲ್ಲ."

ಸಂತೆಯ ದಿನ ಬಂತು. ಸೋಮವ್ವನನ್ನು ಗೆಳತಿಯರ ಜೊತೆ ಸಂತೆಗೆ ಕಳಿಸಿದರು. ಮಧ್ಯಾಹ್ನವಾದಾಗ ಓಣಿಯಲ್ಲಿ ನಾಯಿ ಸಹ ಕಾಣುತ್ತಿರಲಿಲ್ಲ. ಎತ್ತುಗಳನ್ನು ಹೊರಗೆ ಬೇವಿನ ಗಿಡಕ್ಕೆ ಕಟ್ಟಿ, ಬಸಯ್ಯ ಕೊಟ್ಟಿಗೆಯ ಬಾಗಿಲು ಹಾಕಿದ. ಹಾರೆಯಿಂದ ಮೀಟಿ ಕಲ್ಲು ಸರಿಸಿದ. ಒಳಗಿನಿಂದ ಹುಳಿತ ವಾಸನೆ ಬಂತು. ಗುರುಬಸವ್ವ ಕಾಯಿ ಒಡೆದಳು.

ತಂಗೆವ್ವ ಬಾವಿಯ ಹಗ್ಗ ತಂದಳು. "ಇದನ್ನ ಬಗಲಾಗ ಕಟ್ಟಿಕೊಂಡ ಇಳೀರಿ."

"ಕರಾ ಕಟ್ಟಿದಂಗ ಕಟ್ಟತೀಯಲ್ಲ!" ಎಂದು ಅತ್ತೆ ಹಂಗಿಸಿದಳು.

"ಕಟ್ಲಿ ಬಿಡವ್ವಾ. ಒಳಗಿಂದೊಳಗ ಓಡಿ ಹೋದೇನಂತ ಅಂಜಿಕಿ ಆಕಿಗೆ" ಎಂದು ಬಸಯ್ಯ ತೋಳು ಎತ್ತಿದ. ತಂಗೆವ್ವ ಹಗ್ಗದ ಒಂದು ತುದಿಯನ್ನು ಆತನ ಎದೆಯ ಸುತ್ತ ಬಿಗಿದು, ಇನ್ನೊಂದನ್ನು ಕೊಟ್ಟಿಗೆಯ ಕಂಬಕ್ಕೆ ಸುತ್ತಿದಳು. ಬಸಯ್ಯ ಚೀಲ ಹಿಡಿದು ಇಳಿದ.

ಅಷ್ಟರಲ್ಲಿ ಮುಂದಿನ ಬಾಗಿಲು ಬಡಿದ ಸದ್ದಾಯಿತು. "ತಂಗೆವ್ವಾ! ಹೆಪ್ಪಿಗೆ ಒಂದೀಟು ಮಜ್ಜಿಗಿ ಕೊಡವಾ."

ಬಾಜೂ ಮನೆಯ ರಾಚವ್ವನ ದನಿ. ಆಕೆ ಸಂತೆಗೆ ಹೋಗಿರಲಿಲ್ಲ. ಮಾರಲೂ ಕೊಳ್ಳಲೂ ಆಕೆಗೆ ಏನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಆಕೆಯ ಗಂಡನೂ ಮೈದುನನೂ ಒಂದೇ ಹಗೇವಿನಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಆ ಮನೆಯಲ್ಲಿ ಆಕೆ ಒಬ್ಬಳೇ.

ಗುರುಬಸವ್ವ ಸೊಸೆಗೆ, ಹೇಗಾದರೂ ಮಾಡಿ ಕಳಿಸು ಎಂದು ಸನ್ನೆ ಮಾಡಿದಳು. ತಂಗೆವ್ವ ಹೋಗಿ ಬಾಗಿಲು ಸ್ವಲ್ಪವೇ ತೆರೆದಳು.

"ಮಜ್ಜಿಗಿ ಇಲ್ಲ ರಾಚಕ್ಕಾ. ನಾಳಿ ಬಾ."

"ಯಾಕ, ಕೊಟ್ಟಿಗಿ ಬಾಗಲಾ ಹಾಕೀರಲ್ಲ ಹಗಲೊತ್ತಿನ್ಯಾಗ?"

"ಎತ್ತಿಗೆ ಮೈಯಾಗ ಆರಾಮಿಲ್ಲ. ಗಾಳಿ ಬಡೀಬಾರದಂತ ಒಳಗ ಕಟ್ಟೇವಿ."

"ಎರಡೂ ಎತ್ತು ಅಲ್ಲೇ ಬೇವಿನ ಗಿಡದ ಬುಡಕ ಮೇವು ತಿನ್ನಾಕತ್ತಾವು. ನಿಮ್ಮನ್ಯಾಗ ಮೂರನೇ ಎತ್ತು ಯಾವಾಗ ಬಂತವಾ?"

ತಂಗೆವ್ವ ಬಾಗಿಲು ಹಾಕಲು ಹೋದಳು. ರಾಚವ್ವನ ಮುಖದ ನಗೆ ಒಮ್ಮೆಲೆ ಹೋಯಿತು. ಆಕೆ ಮೂಗು ಎತ್ತಿ ಗಾಳಿ ಹಿಡಿದಳು.

"ತಂಗೆವ್ವಾ, ಈ ವಾಸನಿ ನನಗ ಗೊತ್ತೈತಿ. ಹಗೇವು ತಗದೀರಿ. ಯಾರು ಇಳದಾರ?"

"ಯಾರೂ ಇಲ್ಲ..."

"ನನ್ನ ಮುಂದ ಸುಳ್ಳು ಹೇಳಬ್ಯಾಡ. ಕಂದೀಲು ಬಿಟ್ಟು ನೋಡಿದ್ರೇನು?"

ತಂಗೆವ್ವ ತಲೆ ಅಲ್ಲಾಡಿಸಿದಳು.

"ಕಲ್ಲು ತಗದು ಎಷ್ಟೊತ್ತಾತು?"

"ಈಗ..."

"ಅಯ್ಯ ನನ ಶಿವನ! ಹೋಗು, ಒದರು ಅವನ್ನ!"

ಇಬ್ಬರೂ ಓಡಿದರು. ಕೊಟ್ಟಿಗೆಯ ಅರೆಗತ್ತಲೆಯಲ್ಲಿ ಗುರುಬಸವ್ವ ಹಗೇವಿನ ಬಾಯಿಯ ಬಳಿ ಕುಳಿತಿದ್ದಳು.

"ಏನ್ರೀ!" ಎಂದು ತಂಗೆವ್ವ ಕೂಗಿದಳು. "ಏನ್ರೀ, ಓ ಅನ್ರೀ!"

ಒಳಗಿನಿಂದ ಏನೂ ಬರಲಿಲ್ಲ. ಜೋಳ ಜಾರುವ ಸದ್ದೂ ಇಲ್ಲ.

"ಚೀಲ ತುಂಬಾಕತ್ತಾನ, ಅದಕ್ಕ ಮಾತಾಡವಲ್ಲ" ಎಂದಳು ಗುರುಬಸವ್ವ. "ಈಗಿನ್ನ ಹ್ಞೂಂ ಅಂದಿದ್ದ. ಈಗಿನ್ನ ಅಂದಿದ್ದ."

ತಂಗೆವ್ವ ಹಗೇವಿನ ಬಾಯಿಗೆ ಕಾಲು ಇಟ್ಟುಬಿಟ್ಟಳು. ರಾಚವ್ವ ಹಿಂದಿನಿಂದ ಬಂದು ಆಕೆಯ ನಡು ತಬ್ಬಿ ಎಳೆದು ಕೆಡವಿದಳು.

"ಬಿಡ ಯಕ್ಕಾ! ನನ್ನ ಗಂಡ ಒಳಗದಾನ!"

"ನಮ್ಮ ಮೈದುನಾನೂ ಅಣ್ಣ ಒಳಗದಾನಂತ ಹಿಂಗ ಇಳದ! ಅವನೂ ಬರಲಿಲ್ಲ. ನೀ ಇಳದ್ರ ಎರಡು ಹೆಣ ಆಗತಾವು. ಹಗ್ಗ ಕಟ್ಟೀಯೇನು?"

"ಕಟ್ಟೇನಿ..."

"ಹಂಗಾರ ಜಗ್ಗು!"

ಮೂವರೂ ಹಗ್ಗ ಜಗ್ಗಿದರು. ಹಗ್ಗ ಬಿಗಿಯಾಯಿತು. ಬಸಯ್ಯನ ಮೈ ಜೋಳದಿಂದ ಮೇಲೆದ್ದಿತು, ತಲೆ ಒಂದು ಕಡೆಗೆ ಜೋತು ಬಿದ್ದಿತ್ತು. ಆದರೆ ಹಗೇವಿನ ಕೊರಳಿನ ಹತ್ತಿರ ಬಂದು ಸಿಕ್ಕಿಕೊಂಡಿತು. ಆಳು ಭಾರ, ಮೇಲೆ ಮೂವರು ಹೆಂಗಸರು, ಅವರಲ್ಲಿ ಒಬ್ಬಳು ಮುದುಕಿ. ಹಗ್ಗ ಅಂಗೈಯ ತೊಗಲು ಕಿತ್ತುಕೊಂಡು ಹಿಂದಕ್ಕೆ ಜಾರತೊಡಗಿತು.

"ಗಂಡಸ್ರು ಬೇಕು" ಎಂದಳು ರಾಚವ್ವ.

ಗಂಡಸರೆಲ್ಲ ಸಂತೆಗೆ ಹೋಗಿದ್ದಾರೆಂದೇ ಅವರು ತಿಳಿದಿದ್ದರು. ಯಾರೂ ಇರಬಾರದೆಂದೇ ಈ ದಿನವನ್ನು ಆರಿಸಿದ್ದರು.

ಗುರುಬಸವ್ವ ಒಮ್ಮೆ ಮಗನ ಬೋಳುತಲೆ ನೋಡಿದಳು, ಒಮ್ಮೆ ಮುಚ್ಚಿದ ಬಾಗಿಲು ನೋಡಿದಳು. ಬಳಿಕ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಕಂಬಕ್ಕೆ ಕಾಲು ಕೊಟ್ಟು ಕುಳಿತು ಸೊಸೆಗೆ ಅಂದಳು: "ಬಾಗಲಾ ತಗೀ. ಎಲ್ಲಾ ಬಾಗಲಾ ತಗೀ. ಬೀದಿಗೆ ನಿಂತು ಒದರು!"

ಗಂಡನ ಹೆಸರನ್ನು ಒಮ್ಮೆಯೂ ಬಾಯಿಂದ ಆಡದ ತಂಗೆವ್ವ ನಡುಬೀದಿಯಲ್ಲಿ ನಿಂತು ಕೂಗಿದಳು.

"ಬಸಯ್ಯ ಹಗೇವಿನ್ಯಾಗ ಬಿದ್ದಾನ! ನಮ್ಮ ಮನ್ಯಾಗ ಜೋಳ ಮುಗದಾವು, ಹಗೇವು ತಗದೇವಿ! ಯಾರರ ಬರ್ರೋ ಯಪ್ಪಾ!"

ಓಣಿಯ ಕೊನೆಯಲ್ಲಿ ಒಂದು ಗೋಡೆಯ ಮೇಲೆ ಎರಡು ತಲೆ ಎದ್ದವು. ಲಗಮಪ್ಪನೂ ಆತನ ಅಳಿಯನೂ ಅಲ್ಲಿ ಮಣ್ಣಿನ ಕೆಲಸ ಮಾಡುತ್ತಿದ್ದರು. ಕೆಸರುಗೈಯಲ್ಲೇ ಓಡಿ ಬಂದರು. ಇಬ್ಬರೂ ಹಗೇವಿಗೆ ಇಳಿಯಲಿಲ್ಲ. ಬಾಯಿಯ ಬದಿಯಲ್ಲಿ ಬೋರಲು ಮಲಗಿ ಬಸಯ್ಯನ ಭುಜ ತಿರುಗಿಸಿ, ಬಗಲಿಗೆ ಕೈಕೊಟ್ಟು ಎತ್ತಿದರು. ಹೊರಗೆ ತಂದು ಗಾಳಿಗೆ ಮಲಗಿಸಿದರು. ಬಸಯ್ಯನ ತುಟಿ ನೀಲಿಯಾಗಿತ್ತು.

ಗುರುಬಸವ್ವ ಮಗನ ಎದೆಯ ಮೇಲೆ ಕೈಯಿಟ್ಟು ಪಂಚಾಕ್ಷರಿ ಹೇಳತೊಡಗಿದಳು. ಅರ್ಧಕ್ಕೆ ನಿಂತುಹೋಯಿತು. ದಿನವೂ ಹೇಳುವ ಮಂತ್ರ ನೆನಪಾಗಲಿಲ್ಲ. ಲಗಮಪ್ಪ ಟವೆಲಿನಿಂದ ಗಾಳಿ ಬೀಸುತ್ತಲೇ ಇದ್ದ.

ಬಸಯ್ಯ ಕೆಮ್ಮಿದ.

ಗಾಡಿ ಹೂಡಿಕೊಂಡು ಆತನನ್ನು ಸವದತ್ತಿಯ ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರರು ಗುರುಬಸವ್ವನಿಗೆ ಸಾವಕಾಶ ತಿಳಿಸಿ ಹೇಳಿದರು. ಮುಚ್ಚಿದ ಹಗೇವಿನಲ್ಲಿ ಕಾಳು ಒಳ್ಳೆಯ ಗಾಳಿಯನ್ನು ತಿಂದು ಕೆಟ್ಟ ಗಾಳಿಯನ್ನು ಬಿಡುತ್ತದೆ. ಆ ಗಾಳಿ ಭಾರವಾಗಿದ್ದು ಕೆಳಗೇ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಮನುಷ್ಯ ಕೂಗುವ ಮೊದಲೇ ಎಚ್ಚರ ತಪ್ಪುತ್ತಾನೆ. "ಇನ್ನ ಸ್ವಲ್ಪ ತಡಾ ಆಗಿದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲಮ್ಮಾ" ಎಂದರು.

ಬಸಯ್ಯ ಮನೆಗೆ ಬಂದ ದಿನ ರಾಚವ್ವ ನೋಡಲು ಬಂದಳು. ಗುರುಬಸವ್ವ ಆಕೆಯ ಕೈ ಹಿಡಿದುಕೊಂಡು, "ಮನಿ ಮರ್ಯಾದಿ ಉಳಸಾಕ ಹೋಗಿದ್ನೆವ್ವಾ" ಎಂದಳು.

ರಾಚವ್ವ ಹೇಳಿದಳು: "ಅವ್ರಿಬ್ರು ಹೋದ ಮ್ಯಾಲ ನಮ್ಮ ಹಗೇವಿನ ಜೋಳಾನೂ ತಗದ್ರವ್ವಾ. ನನಗ ಉಣ್ಣಾಕ ಆಗಲಿಲ್ಲ. ದನಕ್ಕ ಹಾಕಿದ್ನಿ. ಗ್ವಾಡಿ ಗಟ್ಟಿ ಅದಾವು, ಮಾಳಗಿ ಸೋರಾಂಗಿಲ್ಲ. ಆದ್ರ ರೊಟ್ಟಿ ಬಡದು ಯಾರನ್ನ ಕರೀಲಿ? ಕರದ್ರ ಓ ಅನ್ನಾವ್ರು ಇದ್ರ ಅದು ಮನಿ."

ಅಂದೇ ಕಲ್ಲು ಮುಚ್ಚಿಟ್ಟಿದ್ದ ಹಗೇವನ್ನು ಕೆಲವು ದಿನ ಬಿಟ್ಟು ಮತ್ತೆ ತೆಗೆದರು. ಈ ಸಲ ಲಗಮಪ್ಪನನ್ನು ಕರೆದರು. ಕೊಟ್ಟಿಗೆಯ ಬಾಗಿಲು ತೆರೆದಿತ್ತು, ಓಣಿಯ ಜನ ನಿಂತಿದ್ದರು. ಕಲ್ಲು ಸರಿಸಿದ ಕೂಡಲೆ ಲಗಮಪ್ಪ ಗುರುಬಸವ್ವನನ್ನು ಹತ್ತಿರ ಕರೆದು, "ನೋಡ್ರಿ ಅಮ್ಮಾರ" ಎಂದು ಹೊತ್ತಿಸಿದ ಕಂದೀಲನ್ನು ಹಗ್ಗದಿಂದ ಒಳಗೆ ಬಿಟ್ಟ. ಕಂದೀಲು ಒಂದು ಆಳಿನಷ್ಟು ಸಹ ಇಳಿಯಲಿಲ್ಲ, ಉರಿ ಸಣ್ಣಗಾಗಿ ಆರಿಹೋಯಿತು. ಗಾಳಿ ಬೀಸಿರಲಿಲ್ಲ, ಎಣ್ಣೆ ತೀರಿರಲಿಲ್ಲ. ಗುರುಬಸವ್ವ ಸೊಸೆಯ ತೋಳು ಹಿಡಿದು ಹಗೇವಿನ ಬಾಯಿಯಿಂದ ಹಿಂದಕ್ಕೆ ಎಳೆದಳು.

ಲಗಮಪ್ಪ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದ. ಹೊತ್ತು ಇಳಿಯುವವರೆಗೂ ಕಾದರು. ಸಂಜೆಯ ಮೊದಲು ಬಿಟ್ಟ ಕಂದೀಲು ತಳದಲ್ಲಿ ಬಹಳ ಹೊತ್ತು ಚೆನ್ನಾಗಿ ಉರಿಯಿತು. ಆಗಲೂ ಆತ ಹಗ್ಗ ಕಟ್ಟಿಕೊಂಡೇ ಇಳಿದ. ಮೇಲೆ ನಾಲ್ವರು ಹಿಡಿದು ನಿಂತರು, ಮಾತಾಡಿಸುತ್ತಲೇ ಇದ್ದರು. ಆತನ ಬುಟ್ಟಿಗೆ ಗುರುಬಸವ್ವ ತಾನೇ ಜೋಳ ಹಾಕಿದಳು.

ರಾಮದುರ್ಗದವರು ಬಂದಾಗ ಗುರುಬಸವ್ವ ಏನನ್ನೂ ಮುಚ್ಚಲಿಲ್ಲ. "ಈ ವರ್ಷ ನಮಗ ತ್ರಾಸ ಐತ್ರಿ. ಹಗೇವು ತಗದು ಉಣ್ಣಾಕತ್ತೇವಿ. ಮದವಿ ಮಾಡಾದು ಸುಗ್ಗಿ ಆದಮ್ಯಾಲ, ಸಣ್ಣದಾಗಿ" ಎಂದಳು. ಬಂದ ಹಿರಿಯಳು ಆಕೆಯ ಮುಖವನ್ನೇ ನೋಡಿ, "ನಮ್ಮದನ್ನೂ ತಗದೇವ್ರಿ. ಹೇಳಾಕ ನಾಚಿಕಿ ಬಂದು ಸುಮ್ಮನಿದ್ವಿ" ಎಂದಳು. ಬಸಯ್ಯ ಹೊಸದಾಗಿ ಶುರುವಾದ ಅಣೆಕಟ್ಟಿನ ಕಾಲುವೆಯ ಕೆಲಸಕ್ಕೆ ಗಾಡಿ ಹೂಡಿದ. ತಂಗೆವ್ವ ಈಗ ಎಲ್ಲರ ಜೊತೆಯಲ್ಲೇ ಉಣ್ಣಲು ಕೂಡುತ್ತಾಳೆ. ಎಷ್ಟಿದೆಯೋ ಅಷ್ಟನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.

ತಾಯಂದಿರೇ, ಅಣ್ಣಂದಿರೇ, ಮನೆಯಲ್ಲಿ ಕೊರತೆ ಬಂದರೆ ಅದನ್ನು ಮನೆಯವರೆಲ್ಲ ಕೂಡಿ ಮಾತಾಡಿರಿ. ಅದು ಪಾಪವಲ್ಲ, ನಾಚಿಕೆಯೂ ಅಲ್ಲ. ಕೊರತೆಯನ್ನು ಮುಚ್ಚಲು ಹೋಗಿ ಜೀವಕ್ಕೆ ಕುತ್ತು ತರಬೇಡಿರಿ. ಹಗೇವನ್ನು ಹಗಲಿನಲ್ಲಿ, ಬಾಗಿಲು ತೆರೆದು, ನಾಲ್ಕು ಜನರನ್ನು ಕರೆದು ತೆಗೆಯಿರಿ. ಮುಂಜಾನೆಯಿಂದ ಗಾಳಿಗೆ ಬಿಡಿರಿ, ಕೊಂಬೆಯಿಂದ ಒಳಗಿನ ಗಾಳಿಯನ್ನು ಕಲಕಿರಿ. ಕಂದೀಲು ತಳಕ್ಕೆ ಇಳಿಬಿಟ್ಟು ನೋಡಿರಿ. ಅದು ಆರಿದರೆ ಯಾರೂ ಇಳಿಯಬೇಡಿರಿ. ಉರಿದರೂ ಹಗ್ಗವಿಲ್ಲದೆ ಇಳಿಯಬೇಡಿರಿ, ತಲೆ ತಿರುಗಿದರೆ ಕೂಡಲೆ ಮೇಲೆ ಬನ್ನಿರಿ. ಒಳಗೆ ಒಬ್ಬರು ಬಿದ್ದರೆ ಎಷ್ಟೇ ಹತ್ತಿರದವರಾದರೂ ಹಿಂದೆ ಇಳಿಯಬೇಡಿರಿ. ಹಗ್ಗ ಜಗ್ಗಿರಿ, ಜನರನ್ನು ಕೂಗಿರಿ. ಪೂಜೆ ಮಾಡಿರಿ, ಅದು ಬೇಡವೆನ್ನುವುದಿಲ್ಲ. ದೀಪವನ್ನು ಕೊಟ್ಟವನೂ ಆ ಶಿವನೇ ಅಲ್ಲವೇ? ಅದನ್ನು ಇಳಿಬಿಟ್ಟು ನೋಡುವುದೂ ಪೂಜೆಯೇ.

ನಿಮ್ಮ ಓಣಿಯಲ್ಲಿ ಯಾರಾದರೂ ಹಗೇವು ತೆಗೆಯುತ್ತಿದ್ದಾರೆಂದು ತಿಳಿದರೆ, ಅವರು ಕರೆಯದಿದ್ದರೂ ಹೋಗಿ ಹಗ್ಗ ಹಿಡಿದು ನಿಲ್ಲಿರಿ.