ಕತ್ತರಿಸಿದ ನಾಲ್ಕು ನಿಮಿಷ

ಸಿನಿಮಾ ಮುಗಿದು ದೀಪ ಹೊತ್ತಿಕೊಂಡಿತು. ಕಿಟಕಿಯ ಪರದೆ ಸರಿಸಲು ಅವಳು ಎದ್ದದ್ದೇ ತಡ, ಹಿಂದಿನ ಸಾಲಿನಿಂದ ಯಾರೋ, "ಕತ್ತರಿ, ಈ ಸಲ ಏನೇನು ನುಂಗಿದ್ದೀಯಮ್ಮ?" ಎಂದರು. ಹೋದ ತಿಂಗಳ ಸಿನಿಮಾದಲ್ಲಿ ಹುಡುಗ ಹುಡುಗಿಯ ಕೈ ಹಿಡಿದ ಮರುಕ್ಷಣವೇ ಅವರ ಮಗ ಶಾಲೆಗೆ ಹೊರಟಿದ್ದನ್ನು ಇನ್ನೊಬ್ಬ ನೆನಪಿಸಿದ. ಎಲ್ಲರೂ ನಕ್ಕರು. ತಲೆ ತಗ್ಗಿಸಿಕೊಂಡು ಅವಳೂ ನಕ್ಕಳು.

ಆ ಹೆಸರು ಅವಳಿಗೆ ಬಂದದ್ದು ಕೆಲಸದಿಂದ. ಕ್ರೈಸ್ತ ವಿದ್ಯಾರ್ಥಿ ಸಂಘದಲ್ಲಿ ಶನಿವಾರ ಮಧ್ಯಾಹ್ನ ಒಂದು ಸಿನಿಮಾ ತೋರಿಸಿ, ಆಮೇಲೆ ದೇವರ ವಾಕ್ಯ ಎದುರಿಗಿಟ್ಟುಕೊಂಡು ಅದರ ಬಗ್ಗೆ ಮಾತಾಡುತ್ತಿದ್ದರು. ಶುರುಮಾಡಿದವನು ಸಂಘದ ಮುಖ್ಯಸ್ಥ. ಎಲ್ಲರ ಬಾಯಲ್ಲೂ ಅವನು ಅಣ್ಣ. ಮಕ್ಕಳು ಹೇಗೂ ಕದ್ದು ನೋಡುತ್ತಾರೆ, ಒಟ್ಟಿಗೇ ಕೂತು ನೋಡೋಣ ಎಂಬುದು ಅವನ ವಾದ. ಚರ್ಚಿನ ಹಿರಿಯರು ಒಪ್ಪಿದರು, ಆದರೆ ನೋಡಬಾರದ್ದನ್ನು ಮೊದಲೇ ತೆಗೆದಿರಬೇಕು ಎಂದರು. ಆ ಕೆಲಸ ಅವಳ ಪಾಲಿಗೆ ಬಂತು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಸಂಘದ ಕಚೇರಿ ಗುಡಿಸಲು ಸೇರಿದವಳು ಅವರಿವರ ಬೆನ್ನ ಹಿಂದೆ ನಿಂತು ನೋಡಿಯೇ ಕಂಪ್ಯೂಟರ್ ಕಲಿತಿದ್ದಳು. ಅಣ್ಣ ಅವಳಿಗೆ ಒಂದೇ ಅಳತೆಗೋಲು ಕೊಟ್ಟಿದ್ದ: "ಅಮ್ಮನ ಪಕ್ಕ ಕೂತು ನೋಡೋಕಾಗದೇ ಇರೋದನ್ನ ತೆಗಿ. ಅಷ್ಟೇ." ತೆಗೆದದ್ದು ಏನೆಂದು ಅವನು ಒಮ್ಮೆಯೂ ಕೇಳಿದವನಲ್ಲ.

ಈ ಸಲದ ಸಿನಿಮಾದಲ್ಲಿ ಮುತ್ತೂ ಇರಲಿಲ್ಲ, ಕುಡಿತವೂ ಇರಲಿಲ್ಲ. ಒಂದು ಅಡುಗೆಮನೆ ಇತ್ತು. ತಾಯಿ ಪಾತ್ರೆ ತೊಳೆಯುತ್ತಿರುವಾಗ ಮಗಳು ಬಂದು ಹಿಂದೆ ನಿಂತು, ನೀನು ಇಲ್ಲದಾಗ ಮಾವ ನನ್ನ ಕೋಣೆಗೆ ಬರುತ್ತಾನೆ ಎಂದು ಹೇಳಲು ತೊಡಗುತ್ತಾಳೆ. ಕಣ್ಣಿಗೆ ಕೆಟ್ಟದ್ದು ಏನೂ ಇಲ್ಲ. ಆದರೆ ತನ್ನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಂತೆ ನೆನೆದದ್ದೇ ಅವಳ ಕಿವಿ ಬಿಸಿಯಾಗಿತ್ತು. ತಟ್ಟನೆ ಧ್ವನಿ ನಿಲ್ಲಿಸಿ, ಬರೀ ಚಿತ್ರ ನೋಡಿಕೊಂಡು ಆ ದೃಶ್ಯ ಎಲ್ಲಿ ಮುಗಿಯುತ್ತದೆಂದು ಗುರುತು ಮಾಡಿ, ನಾಲ್ಕು ನಿಮಿಷ ತೆಗೆದುಹಾಕಿದಳು. ಕೊಯ್ದ ಜಾಗ ಕಾಣದಂತೆ ಎರಡೂ ತುದಿಗಳನ್ನು ಹೊಂದಿಸಿದಳು. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು.

ಹಾಗಾಗಿ ಈಗ ಕೂತ ನಲವತ್ತು ಜನ ನೋಡಿದ್ದು ಇಷ್ಟು: ಹುಡುಗಿ ಊಟ ಮಾಡುತ್ತಾಳೆ, ಮಲಗುತ್ತಾಳೆ, ಬೆಳಗ್ಗೆ ಎದ್ದು ಚೀಲ ಹಿಡಿದು ಮನೆ ಬಿಟ್ಟು ಹೋಗುತ್ತಾಳೆ.

ಅಣ್ಣ ಹಲಗೆಯ ಮೇಲೆ, ಮನೆ ಬಿಟ್ಟ ಹುಡುಗಿ ಮಾಡಿದ್ದು ಸರಿಯೇ ಎಂದು ಬರೆದ. ಮಾತು ಬೇಗ ಬಿಸಿಯೇರಿತು. ಸಾಕಿದವರ ಋಣ ಇಲ್ಲದವಳು ಎಂದರು. ಇಂಥದ್ದನ್ನು ನೋಡಿಯೇ ಹುಡುಗಿಯರ ತಲೆ ತಿರುಗುವುದು ಎಂದರು. ಒಬ್ಬಳು ಎದ್ದುನಿಂತು, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಬೈಬಲಿನ ಆಜ್ಞೆಯನ್ನು ನೋಡದೆಯೇ ಹೇಳಿದಳು. ಅಣ್ಣ ಮೆಚ್ಚಿಕೊಂಡ.

ಬಾಗಿಲ ಬಳಿ ನರ್ಸಿಂಗ್ ಓದುವ ಹುಡುಗಿ ಕೂತಿದ್ದಳು. ಸಂಘಕ್ಕೆ ಬರತೊಡಗಿ ಮೂರು ವಾರ. ಈವರೆಗೆ ಬಾಯಿ ತೆರೆದವಳಲ್ಲ.

"ಸುಮ್ನೆ ಯಾರೂ ಮನೆ ಬಿಡಲ್ಲ," ಎಂದಳು. "ಅಮ್ಮನ ಹತ್ರ ಏನೋ ಹೇಳಿರ್ತಾಳೆ."

"ಯಾವಾಗ ಹೇಳಿದ್ಲು? ನಮಗೆ ಕಾಣದೇ ಇರೋ ಸಿನಿಮಾ ನಿನಗೆ ಬೇರೆ ಕಾಣ್ತಾ?" ಎಂದು ಹಿಂದಿನ ಸಾಲು ನಕ್ಕಿತು.

ಅಣ್ಣ ಕೈಯೆತ್ತಿ ನಗುವನ್ನು ತಡೆದ. ಅವನು ನ್ಯಾಯವಂತ. ಕಿಟಕಿಯ ಕಡೆ ತಿರುಗಿ, "ಏನಮ್ಮ, ಮುಖ್ಯವಾದ್ದು ಏನಾದ್ರೂ ಹೋಗಿದ್ಯಾ?" ಎಂದು ಕೇಳಿದ.

ನಲವತ್ತು ಮುಖ ಅವಳತ್ತ ತಿರುಗಿದವು. ಹೌದು ಎಂದರೆ ಏನು ಎಂದು ಕೇಳುತ್ತಾರೆ. ಆ ಮಾತನ್ನು ತನ್ನ ಬಾಯಿಂದ, ಇಷ್ಟು ಜನರ ಎದುರು ಆಡಬೇಕಾಗುತ್ತದೆ. ನರ್ಸಿಂಗ್ ಹುಡುಗಿ ಕಣ್ಣು ಕದಲಿಸದೆ ಅವಳನ್ನೇ ನೋಡುತ್ತಿದ್ದಳು.

"ಏನಿಲ್ಲ ಅಣ್ಣ."

"ಹಾಗಾದ್ರೆ ಇಲ್ಲದ್ದನ್ನ ನಾವು ಸೇರಿಸೋದು ಬೇಡ," ಎಂದ ಅಣ್ಣ, ಮೆತ್ತಗೆ.

ಹುಡುಗಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು. ಕೊನೆಯ ಪ್ರಾರ್ಥನೆಗೆ ಕುರ್ಚಿಗಳು ಸರಿಯುತ್ತಿದ್ದವು. ಕಿಟಕಿಯ ಬಳಿ ಅವಳು ಒಂದು ಗಳಿಗೆ ನಿಂತಳು. ಆಮೇಲೆ ಮೆಟ್ಟಿಲಿಳಿದು ಓಡಿದಳು. ಹುಡುಗಿ ಗೇಟಿನ ಬಳಿ ಸಿಕ್ಕಳು.

"ಇತ್ತು," ಎಂದಳು ಏದುಸಿರಿನಲ್ಲಿ. "ಅಮ್ಮನಿಗೆ ಹೇಳ್ತಾಳೆ. ಮಾವನ ವಿಷಯ. ನಾನೇ ತೆಗೆದೆ."

ಹುಡುಗಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು. ಸಿಟ್ಟಾಗಲಿಲ್ಲ. ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಸ್ವಲ್ಪ ಹತ್ತಿರ ಬಂದಳು.

"ಅಮ್ಮ ನಂಬಿದ್ಲಾ?"

"ಗೊತ್ತಿಲ್ಲ," ಎಂದಳು. "ಅದು ಬರೋ ಹೊತ್ತಿಗೆ ಧ್ವನಿ ತೆಗೆದುಬಿಟ್ಟಿದ್ದೆ."

ಹುಡುಗಿ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ನೀವೂ ಕೇಳಿಸಿಕೊಳ್ಳಲಿಲ್ಲ, ಅಲ್ವಾ ಅಕ್ಕ," ಎಂದು ಗೇಟು ದಾಟಿದಳು. ಆ ದನಿಯಲ್ಲಿ ದೂರು ಇರಲಿಲ್ಲ.

ಅವಳು ಹಿಂದಿರುಗಿದಾಗ ಕೋಣೆಯಲ್ಲಿ ಪ್ರಾರ್ಥನೆ ನಡೆದಿತ್ತು. ತಲೆಗಳು ಬಾಗಿದ್ದವು, ಎಲ್ಲರ ಕಣ್ಣೂ ಮುಚ್ಚಿದ್ದವು. ಎದ್ದುಹೋದ ತಂಗಿಯ ಕಲ್ಲುಮನಸ್ಸನ್ನು ಕರಗಿಸು ತಂದೆಯೇ ಎಂದು ಅಣ್ಣ ಬೇಡಿಕೊಳ್ಳುತ್ತಿದ್ದ. ಆಮೆನ್ ಆದಮೇಲೆ ಹೇಳಿದರಾಯಿತು ಎಂದುಕೊಂಡು ಅವಳು ಬಾಗಿಲಲ್ಲೇ ನಿಂತಳು. ಆಮೆನ್ ಆದಮೇಲೆ ತಾನು ಹೇಳುವವಳಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಅಣ್ಣ," ಎಂದಳು. ತನ್ನ ದನಿ ಆ ಕೋಣೆಯಲ್ಲಿ ಅಷ್ಟು ದೂರ ಹೋಗುತ್ತದೆಂದು ಅವಳಿಗೇ ತಿಳಿದಿರಲಿಲ್ಲ. "ನಾನು ಸುಳ್ಳು ಹೇಳಿದೆ."

ಪ್ರಾರ್ಥನೆ ನಡುವಿನಲ್ಲೇ ನಿಂತಿತು. ಹಿಂದಿನ ಸಾಲಿನಿಂದ ಮೊದಲುಗೊಂಡು, ಒಬ್ಬೊಬ್ಬರಾಗಿ ಕಣ್ಣು ತೆರೆಯತೊಡಗಿದರು.